ಆರಕ್ಕೆ ಹತ್ತು ನಿಮಿಷ ಇರುವಾಗ

ನಮ್ಮ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಗ್ಗೆ ಒಬ್ಬ ಸಂತರ ಮಾತು ಬರುತ್ತದೆ. ಒಂದು ಚಿತ್ರ, ಗುಲಾಬಿ ಹೂ, ಕೆಳಗೆ ಎರಡು ಸಾಲು. ನಾನು ಕೈಮುಗಿದ ಎಮೋಜಿ ಹಾಕಿ ಕೆಲಸಕ್ಕೆ ಹೊರಡುತ್ತಿದ್ದೆ. ಸಂಜೆಯ ಹೊತ್ತಿಗೆ ಅದು ಯಾರ ಮಾತು ಅನ್ನುವುದೂ ಮರೆತುಹೋಗಿರುತ್ತಿತ್ತು.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಈಗ ನಡೆಯುತ್ತಾರೆ, ಆದರೆ ಹಿಂದೆ ಒಬ್ಬರು ಹಿಡಿದಿರಬೇಕು. ಕೋಣೆಯಿಂದ ಊಟದ ಮೇಜಿಗೆ ಇಪ್ಪತ್ತು ಹೆಜ್ಜೆ. ಸ್ವಲ್ಪ ಬೇಗ ನಡೆಸಿದರೆ "ಬೀಳಿಸ್ತೀಯಾ?" ಅನ್ನುತ್ತಾರೆ. ನಿಧಾನ ಮಾಡಿದರೆ "ಕೈ ಬಿಟ್ಯಾ?" ಅನ್ನುತ್ತಾರೆ. ಒಂದು ರಾತ್ರಿ ನಾನು ಕೂಗಾಡಿಬಿಟ್ಟೆ. ಅಪ್ಪ ಊಟ ಮಾಡದೆ ಮಲಗಿದರು.

ಅದಾದ ಮೇಲೆ ಲಿಸಿಯೂವಿನ ಸಂತ ತೆರೇಸಾರ ಆತ್ಮಕಥೆ ಓದಲು ಕೂತೆ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ಪುಸ್ತಕ. ನಮ್ಮಲ್ಲಿ ತೆರೇಸಾ ಅಂದರೆ ಜಾಸ್ತಿ ಜನಕ್ಕೆ ಮದರ್ ತೆರೇಸಾ ನೆನಪಾಗುತ್ತಾರೆ. ಅವರು ಆ ಹೆಸರು ಆರಿಸಿಕೊಂಡದ್ದೇ ಈ ತೆರೇಸಾರಿಂದ. ಫ್ರಾನ್ಸಿನ ನಾರ್ಮಂಡಿಯ ಹುಡುಗಿ, 1873ರಲ್ಲಿ ಹುಟ್ಟಿದವರು. ಹದಿನೈದನೇ ವಯಸ್ಸಿಗೆ ಕಾರ್ಮೆಲ್ ಮಠ ಸೇರಿದರು, 24ಕ್ಕೆ ಕ್ಷಯದಿಂದ ತೀರಿಕೊಂಡರು.

ಆ ಮಠದಲ್ಲಿ ಸಿಸ್ಟರ್ ಸೇಂಟ್ ಪಿಯೇರ್ ಅಂತ ಒಬ್ಬ ವಯಸ್ಸಾದ ಕನ್ಯಾಸ್ತ್ರೀ ಇದ್ದರು. ಕಾಯಿಲೆಯಿಂದ ನಡೆಯುವುದು ಕಷ್ಟ. ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಯಾರಾದರೂ ಪ್ರಾರ್ಥನೆಯಿಂದ ಎದ್ದು ಅವರನ್ನು ಊಟದ ಕೋಣೆಗೆ ಕರೆದೊಯ್ಯಬೇಕು. ಅವರನ್ನು ಮೆಚ್ಚಿಸುವುದು ಸುಲಭವಲ್ಲ ಅಂತ ತೆರೇಸಾರಿಗೆ ಗೊತ್ತಿತ್ತು. ಆದರೂ ತಾವೇ ಮುಂದೆ ಬಂದರು. ಆ ಅಜ್ಜಿ ತಮ್ಮ ಮರಳು ಗಡಿಯಾರವನ್ನು ಅಲ್ಲಾಡಿಸಿದರೆ ಹೊರಡೋಣ ಅಂತ ಅರ್ಥ. ತೆರೇಸಾ ಸೊಂಟಪಟ್ಟಿ ಹಿಡಿದು ಹಿಂದೆಯೇ ನಡೆಯಬೇಕು. ಬೇಗ ಹೋದರೂ ದೂರು, ನಿಧಾನ ಹೋದರೂ ದೂರು. ಕೊನೆಗೆ, ನೀನಿನ್ನೂ ಚಿಕ್ಕವಳು, ನಿನ್ನ ಕೈಲಿ ಆಗಲ್ಲ ಅನ್ನುವ ಮಾತು ಬೇರೆ.

ಇಲ್ಲಿಗೆ ಬಂದಾಗ ಪುಸ್ತಕ ಮಡಚಿಟ್ಟು ಅತ್ತೆ. ನೂರು ವರ್ಷಕ್ಕೂ ಹಿಂದಿನ ಆ ಮಠದಲ್ಲಿ ಥೇಟ್ ನಮ್ಮ ಮನೆಯದೇ ಮಾತು!

ಮತ್ತೆ ತೆರೆದಾಗ ಮುಂದಿನದು ಸಿಕ್ಕಿತು. ಅಜ್ಜಿಗೆ ಸೊಟ್ಟಗಾದ ಬೆರಳುಗಳಿಂದ ರೊಟ್ಟಿ ಕತ್ತರಿಸಲು ಆಗುತ್ತಿಲ್ಲ ಅನ್ನುವುದು ತೆರೇಸಾರ ಕಣ್ಣಿಗೆ ಬಿತ್ತು. ಅಜ್ಜಿ ಕೇಳಿರಲಿಲ್ಲ. ಆದರೂ ದಿನಾ ಕತ್ತರಿಸಿಟ್ಟು, ಒಂದು ಒಳ್ಳೆಯ ನಗು ಕೊಟ್ಟು ಹೋಗತೊಡಗಿದರು.

ಇನ್ನೊಂದು ವಿಷಯ ನನ್ನನ್ನು ಬಿಡುತ್ತಿಲ್ಲ. ತೆರೇಸಾರ ಅಪ್ಪ ಲೂಯಿ ಮಾರ್ಟಿನ್‌ಗೂ ಲಕ್ವ ಹೊಡೆದಿತ್ತು, ಮನಸ್ಸೂ ಕೆಟ್ಟಿತ್ತು. 1889ರಿಂದ ಮೂರು ವರ್ಷ ಕಾನ್ ಊರಿನ ಆಸ್ಪತ್ರೆಯಲ್ಲಿದ್ದರು. ಮಠದ ನಿಯಮದಿಂದ ಮಗಳು ಹೊರಗೆ ಹೋಗುವಂತಿರಲಿಲ್ಲ. 1892ರಲ್ಲಿ ಅಪ್ಪನನ್ನು ಮಠಕ್ಕೆ ಕರೆತಂದಾಗ ಒಮ್ಮೆ ನೋಡಿದರು, ಅದೇ ಕೊನೆ. ತಮ್ಮ ಅಪ್ಪನನ್ನು ಕೈಹಿಡಿದು ನಡೆಸುವ ಭಾಗ್ಯ ಅವರಿಗೆ ಸಿಗಲಿಲ್ಲ. ನನಗೆ ಸಿಕ್ಕಿದೆ. 1897ರಲ್ಲಿ ಸಾವು ಹತ್ತಿರ ಬಂದಾಗ ತೆರೇಸಾ ತಮ್ಮ ಅಪ್ಪ ಬಳಸಿದ್ದ ಗಾಲಿಕುರ್ಚಿಯಲ್ಲೇ ಕೂತು, ಮಠದ ತೋಟದಲ್ಲಿ ಆ ಅಜ್ಜಿಯ ಕಥೆ ಬರೆದರು.

ನಾವು ಇಂಥವರನ್ನು ಗುಲಾಬಿ ಹಿಡಿದ ಮುದ್ದು ಮುಖ ಮಾಡಿಬಿಟ್ಟಿದ್ದೇವೆ. ಅದು ನನಗೆ ನೋವು ತರುತ್ತದೆ. ಸಣ್ಣ ಸಣ್ಣ ಕೆಲಸಗಳನ್ನು ಪ್ರೀತಿಯಿಂದ ಮಾಡುವ ಅವರ 'ಪುಟ್ಟ ದಾರಿ' ಅಂದರೆ ಸುಲಭದ ದಾರಿ ಅಲ್ಲವೇ ಅಲ್ಲ. ಪ್ರಾರ್ಥನೆಯಲ್ಲಿ ಹಿಂದೆ ಕೂತು ಸದ್ದು ಮಾಡುವ ಸಿಸ್ಟರ್ ಕಡೆ ತಿರುಗಿ ನೋಡದಿರಲು ಬೆವರುವಷ್ಟು ಹೆಣಗಿದವರು ಅವರು. ಕೊನೆಯ ಒಂದೂವರೆ ವರ್ಷ ಸ್ವರ್ಗ ಇದೆಯೋ ಇಲ್ಲವೋ ಅನ್ನುವ ಕತ್ತಲೆಯಲ್ಲೂ ಇದ್ದರು. ಇದನ್ನೆಲ್ಲ ಬಿಟ್ಟು ಎರಡು ಸಿಹಿ ಸಾಲು ಹಂಚಿದರೆ ಕಷ್ಟದಲ್ಲಿರುವವರಿಗೆ ಏನು ಸಿಗುತ್ತದೆ? ಗುಂಪಿನವರಲ್ಲಿ ನನ್ನ ಕೋರಿಕೆ ಇಷ್ಟೇ. ವಾರಕ್ಕೊಮ್ಮೆಯಾದರೂ ಸಂತರು ಬದುಕಿದ ಒಂದು ಗಳಿಗೆಯನ್ನು ಪೂರ್ತಿಯಾಗಿ ಹೇಳಿ. ಅಂಥದ್ದು ಸಂಜೆಯವರೆಗೆ ಜೊತೆಗಿರುತ್ತದೆ ಅಲ್ವಾ?

ಅಪ್ಪ ಈಗಲೂ ಬೈಯುತ್ತಾರೆ. ನನಗೂ ಕೆಲವು ದಿನ ಸಿಟ್ಟು ಬರುತ್ತದೆ. ಅವರು ಕೇಳುವ ಮೊದಲೇ ಚಪಾತಿಯನ್ನು ಸಣ್ಣಗೆ ಹರಿದು ತಟ್ಟೆಗೆ ಹಾಕುತ್ತೇನೆ. ನಿನ್ನೆ ತಟ್ಟೆ ನೋಡಿ, "ಇನ್ನೂ ಸಣ್ಣಗೆ ಹರಿ" ಅಂದರು. ಹರಿದೆ.