ತೋಟದ ಹಳೆಯ ವಿಷ, ಅಳಿವೆಯ ಮರುವಾಯಿ: ಕಾಫಿ ತೋಟಗಳ ಮಣ್ಣಿನ ತಪಾಸಣೆ ಕಡ್ಡಾಯವಾಗಬೇಕೆ?

ಪರ

ಸಕಲೇಶಪುರದ ಪಶ್ಚಿಮ ಅಂಚಿನಲ್ಲಿ ಸುರಿದ ಮಳೆ ಕೆಂಪುಹೊಳೆಯಾಗಿ ಘಟ್ಟ ಇಳಿದು, ಗುಂಡ್ಯ ದಾಟಿ ಕುಮಾರಧಾರೆಗೆ ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಅಳಿವೆಯನ್ನು ಮುಟ್ಟುತ್ತದೆ. ಅಲ್ಲಿನ ಮರುವಾಯಿ ನೀರನ್ನು ಸೋಸಿಯೇ ಆಹಾರ ಪಡೆಯುವ ಚಿಪ್ಪುಜೀವಿಯಾದ್ದರಿಂದ, ನೀರಿನ ಪರೀಕ್ಷೆಗೆ ಸಿಗದಷ್ಟು ಅಲ್ಪ ಪ್ರಮಾಣದ ವಿಷವೂ ಅದರ ಕೊಬ್ಬಿನಲ್ಲಿ ಶೇಖರವಾಗಬಲ್ಲದು.

ಅರೇಬಿಕಾ ಕಾಫಿ ಗಿಡಗಳಿಗೆ ಕಾಂಡ ಕೊರೆಯುವ ಬೋರರ್ ಹುಳು ಬಿದ್ದಾಗ ಬಿ.ಎಚ್.ಸಿ. ಎಂಬ ಕೀಟನಾಶಕದ ಪುಡಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಅದ್ದಿ ಕಾಂಡಕ್ಕೆ ಬಳಿಯುತ್ತಿದ್ದುದನ್ನು ನಮ್ಮ ತೋಟದಲ್ಲೇ ಕಂಡವನು ನಾನು. ಸಂಜೆ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುತ್ತಿದ್ದರು. ಮರುದಿನ ಕಲ್ಲಿನ ಸಂದಿಗಳಲ್ಲಿ ಏಡಿಗಳು ಹೊಟ್ಟೆ ಮೇಲಾಗಿ ಬಿದ್ದಿರುತ್ತಿದ್ದವು. ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು, ಅದರದೇ ಗಾಮಾ ರೂಪವಾದ ಲಿಂಡೇನ್ ಬಳಕೆಗೆ 2013ರಲ್ಲಿ ತೆರೆಬಿತ್ತು. ಆದರೆ ಬಿ.ಎಚ್.ಸಿ.ಯಲ್ಲೇ ಇರುವ ಬೀಟಾ ಎಂಬ ಇನ್ನೊಂದು ರೂಪ ಮಣ್ಣಿನಲ್ಲಿ ಸುಲಭವಾಗಿ ನಶಿಸುವಂಥದ್ದಲ್ಲ.

ಕೆರಿಬಿಯನ್ ಕಡಲಿನ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ದ್ವೀಪಗಳಲ್ಲಿ 1972ರಿಂದ 1993ರವರೆಗೆ ಬಾಳೆತೋಟಗಳಿಗೆ ಹಾಕಿದ ಕ್ಲೋರ್ಡೆಕೋನ್ ಎಂಬ ಕೀಟನಾಶಕ ಇಂದಿಗೂ ಮಣ್ಣಿನಿಂದ ಕಡಲಿಗೆ ಇಳಿಯುತ್ತಿದ್ದು, ಹಲವೆಡೆ ಮೀನು, ಸಿಗಡಿ ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ತೋಟ ಮೇಲೆ, ತಿನ್ನುವವರು ಕೆಳಗೆ ಎಂಬ ಸ್ಥಿತಿ ನಮ್ಮದೂ ಆಗಿರುವಾಗ, ಪಶ್ಚಿಮಕ್ಕೆ ಹರಿಯುವ ಹಳ್ಳಗಳ ಮೇಲಿನ ತೋಟಗಳ ಮಣ್ಣನ್ನು ಪರೀಕ್ಷಿಸದೆ ಬಿಡುವುದು ಅನ್ಯಾಯ.

ವಿರೋಧ

ಈ ಕಾಳಜಿ ನನ್ನದೂ ಹೌದು, ಕಡ್ಡಾಯವೆಂಬ ದಾರಿಯನ್ನು ಮಾತ್ರ ನಾನು ಒಪ್ಪಲಾರೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬಹುಪಾಲು ತೋಟಗಳ ನೀರು ಹೇಮಾವತಿ, ಭದ್ರೆಯರ ಮೂಲಕ ಪೂರ್ವಕ್ಕೇ ಹರಿಯುತ್ತದೆ. ಅತ್ತ ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದೂ, ಮಲೇರಿಯಾ ತಡೆಗೆ ಡಿ.ಡಿ.ಟಿ. ಹೊಡೆದದ್ದೂ ಇದೆ, ಹೀಗಿರುವಾಗ ಕಾಫಿ ಬೆಳೆಗಾರನೊಬ್ಬನನ್ನೇ ಹೊಣೆ ಮಾಡುವುದು ಹೇಗೆ?

ಮೊದಲು ಮರುವಾಯಿಯನ್ನೇ ಪರೀಕ್ಷಿಸಲಿ. ಶುದ್ಧ ನೀರಿಗೆ ಬಿಟ್ಟರೆ ಚಿಪ್ಪುಜೀವಿಗಳು ಇಂಥ ವಿಷದ ಬಹುಭಾಗವನ್ನು ಕೆಲವು ವಾರ, ತಿಂಗಳುಗಳಲ್ಲಿ ಹೊರಹಾಕುವುದರಿಂದ, ಅವುಗಳಲ್ಲಿ ವಿಷ ಮತ್ತೆ ಮತ್ತೆ ಸಿಕ್ಕರೆ ಅದು ಈಗಲೂ ಹರಿದು ಬರುತ್ತಿದೆ ಎಂದೇ ಅರ್ಥ. ಅಮೆರಿಕ 1986ರಿಂದ ಕರಾವಳಿಯ ಚಿಪ್ಪುಜೀವಿಗಳನ್ನು ಹೀಗೆ ಪರೀಕ್ಷಿಸುತ್ತ ಬಂದಿದೆ. ವಿಷ ಕಂಡುಬಂದರೆ ಹೊಳೆಗುಂಟ ಮೇಲಕ್ಕೆ ಹುಡುಕುತ್ತ ಬರಲಿ, ನಾವೇ ಗೇಟು ತೆರೆದು ಕರೆಯುತ್ತೇವೆ.

ನನಗಿರುವ ನಿಜವಾದ ಭಯ ಬೇರೆ. ಹಳೆಯ ಗೋಡೌನಿನ ಮೂಲೆಯಲ್ಲಿ, ತುಕ್ಕು ಹಿಡಿದ ಸ್ಪ್ರೇಯರ್‌ಗಳ ಹಿಂದೆ, ಹರಿದ ಚೀಲದಲ್ಲಿ ಉಳಿದ ಬಿ.ಎಚ್.ಸಿ. ಪುಡಿಯ ಮುಗ್ಗಲು ವಾಸನೆಯನ್ನು ನಾನು ಬಲ್ಲೆ. ದಂಡದ ಭಯ ಹುಟ್ಟಿಸಿದರೆ ಮೂರು ಎಕರೆಯ ಬೆಳೆಗಾರ ಆ ಚೀಲವನ್ನು ರಾತ್ರೋರಾತ್ರಿ ಹಳ್ಳಕ್ಕೆ ಸುರಿದಾನು. ಯಾರ ಹೆಸರನ್ನೂ ಬರೆದುಕೊಳ್ಳದೆ ಅಂಥ ಚೀಲಗಳನ್ನು ಪಡೆದು ಸುರಕ್ಷಿತವಾಗಿ ನಾಶಪಡಿಸುವ ಏರ್ಪಾಡು ಮುಂದಿನ ಮುಂಗಾರಿಗೆ ಮೊದಲೇ ಆಗಬೇಕು.