ಕೋಸಂಬರಿ ಎಲೆ ತುದಿಯಲ್ಲೇ ಉಳಿದರೆ ಮೈ ಹೇಗೆ ಬರುತ್ತೆ?

ಹರಿಯಾಣದ ರೋಹ್ತಕ್‌ಗೆ ವರ್ಗವಾಗಿ ಬಂದ ಹೊಸದರಲ್ಲಿ ಹಾಲಿನವನಿಗೆ ದಿನಾ ಅರ್ಧ ಲೀಟರ್ ಸಾಕು ಅಂದೆ. ಕ್ಯಾನಿನೊಳಗೆ ಅಳತೆ ಪಾತ್ರೆ ಇಳಿಸಿದ್ದ ಅವನು ಹಾಗೇ ನಿಂತು ನನ್ನ ಮುಖ ನೋಡಿದ. "ಇದು ಚಹಾಕ್ಕಾಯ್ತು ಭಾಯಿಸಾಬ್, ಕುಡಿಯೋಕೆ ಎಷ್ಟು ಹಾಕ್ಲಿ?" ಅಂದ. ಅವನೇನೂ ಕೊಂಕು ಆಡಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಆದರೂ ಚುರುಕ್ ಅಂತು. ಮೈಸೂರಿನ ನಮ್ಮ ಮನೆಯಲ್ಲಿ ಆ ಅರ್ಧ ಲೀಟರಿನಲ್ಲೇ ಎರಡು ಹೊತ್ತಿನ ಕಾಫಿ ಆಗಬೇಕು, ದೇವರಿಗೆ ಆಗಬೇಕು, ಹೆಪ್ಪಿಗೂ ಒಂದಿಷ್ಟು ಉಳಿಯಬೇಕು. ಮಿಕ್ಕಿದ್ದು ಮಕ್ಕಳಿಗೆ. ದೊಡ್ಡವರು ಲೋಟದಲ್ಲಿ ಹಾಲು ಕುಡಿಯೋದು ಅಂದರೆ ಜ್ವರ ಬಂದಾಗ, ಇಲ್ಲವೇ ಏಕಾದಶಿಯ ದಿನ.

ನಾವು ಬಾಡಿಗೆಗಿರುವ ಮನೆಯ ಕೆಳಗಡೆ ಮಾಲೀಕರ ಸಂಸಾರ ಇದೆ. ಅವರ ಮಗ ಕುಸ್ತಿ ಕಲಿಯೋಕೆ ಅಖಾಡಕ್ಕೆ ಹೋಗುತ್ತಾನೆ. ಆ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಸಂಜೆ ಹುಡುಗನ ಅಜ್ಜಿ ಅಂಗಳದ ಮಂಚದ ಮೇಲೆ ಕೂತು, ನೆನೆದ ಬಾದಾಮಿಯನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತುತ್ತಾರೆ. ಸಿಪ್ಪೆ ಒಂದು ಕಡೆ ಜಾರುತ್ತೆ, ಬಿಳೀ ಬಾದಾಮಿ ಬಟ್ಟಲಿಗೆ ಬೀಳುತ್ತೆ. ಆಮೇಲೆ ಕಲ್ಲಿನ ಒರಳಲ್ಲಿ ಅರೆದು ಹಾಲಿಗೆ ಬೆರೆಸುತ್ತಾರೆ. ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಬೆಳಿಗ್ಗೆಗೆ ಅಂತ ನೆನೆಹಾಕಿದ ಕಪ್ಪು ಕಡಲೆ. ಹುಡುಗ ಬಂದವನು ಕಿವಿ ಹತ್ತಿರದ ಮಣ್ಣೂ ಒರೆಸದೆ ದೊಡ್ಡ ಲೋಟ ಎತ್ತಿದರೆ, ಖಾಲಿ ಮಾಡಿಯೇ ಕೆಳಗಿಡೋದು. ಅವನು ಅಖಾಡಕ್ಕೆ ಸೇರಿದ ವರ್ಷವೇ ಹಳ್ಳಿಯ ಮನೆಯಲ್ಲಿ ಇನ್ನೊಂದು ಮುರ್ರಾ ಎಮ್ಮೆ ಕಟ್ಟಿದರಂತೆ. ಮಗ ಕುಸ್ತಿಗೆ ಹೋಗುತ್ತಾನೆ, ಅದಕ್ಕೆ ಎಮ್ಮೆ ಬೇಕು. ಅವರಿಗೆ ಅದು ಅಷ್ಟು ಸಹಜ.

ಇದು ಒಂದು ಮನೆಯ ಕಥೆ ಅಲ್ಲ. 2014ರ ಸರ್ಕಾರಿ ಸಮೀಕ್ಷೆಯಲ್ಲಿ ಹರಿಯಾಣದ ನೂರು ಜನರಲ್ಲಿ ಸುಮಾರು 70 ಜನ ತಾವು ಸಸ್ಯಾಹಾರಿಗಳು ಅಂದಿದ್ದರು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ 21ರ ಆಸುಪಾಸು. ಆದರೆ ದೇಶಕ್ಕೆ ಕುಸ್ತಿಪಟುಗಳನ್ನು ಸಾಲಾಗಿ ಕೊಟ್ಟಿದ್ದು ಯಾವ ರಾಜ್ಯ? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಯೋಗೇಶ್ವರ್ ದತ್ ಸೋನೀಪತ್ ಜಿಲ್ಲೆಯವರು. ಟೋಕಿಯೋದಲ್ಲಿ ಕಂಚು ಗೆದ್ದ ಬಜರಂಗ್ ಪೂನಿಯಾ ನಮ್ಮ ಪಕ್ಕದ ಝಜ್ಜರ್ ಜಿಲ್ಲೆಯವರು. ಇಬ್ಬರೂ ಸಸ್ಯಾಹಾರಿಗಳು. ಇಲ್ಲಿಯ ಹುಡುಗರಿಗೆ "ವೆಜ್ ತಿಂದು ಮೈ ಬರುತ್ತಾ?" ಅನ್ನೋ ಪ್ರಶ್ನೆಯೇ ಅರ್ಥ ಆಗಲ್ಲ.

ನಮ್ಮ ಕಡೆ ಅದೊಂದೇ ಪ್ರಶ್ನೆ. ಬೆಂಗಳೂರಿನಲ್ಲಿ ಅಕ್ಕನ ಮಗ ಜಿಮ್‌ಗೆ ಸೇರಿದ. ಮೊದಲ ವಾರವೇ ಟ್ರೈನರ್ ಹೇಳಿದನಂತೆ, "ವೆಜ್ ಅಂದ್ರೆ ತುಂಬಾ ಕಷ್ಟ, ಚಿಕನ್ ಶುರು ಮಾಡು, ಇಲ್ಲಾಂದ್ರೆ ಈ ಡಬ್ಬ ತಗೋ." ಹುಡುಗ ಮನೆಯಲ್ಲಿ ಕೇಳಿದರೆ ಅವರಪ್ಪ, "ಮೈ ಬೆಳೆಸಿ ಏನು ಮಾಡ್ತೀಯ, ಮೊದಲು ಸಿಇಟಿ ನೋಡ್ಕೋ" ಅಂದರು. ಆ ಡಬ್ಬದಲ್ಲಿರುವ ವ್ಹೇ ಅನ್ನೋ ಪ್ರೊಟೀನ್ ಪುಡಿಯೂ ಹಾಲಿನದೇ. ಹಾಲು ಒಡೆದು ಗಟ್ಟಿ ತೆಗೆದ ಮೇಲೆ ಉಳಿಯುವ ನೀರಿನಿಂದ ಮಾಡೋದು. ಅಂದರೆ ಸಸ್ಯಾಹಾರದಲ್ಲಿ ಆಗಲ್ಲ ಅಂದವನೇ ಸಸ್ಯಾಹಾರಿಯ ಅಡುಗೆಮನೆಯಿಂದ ಹೊರಟ ಪದಾರ್ಥವನ್ನೇ ದುಡ್ಡಿಗೆ ಮಾರಿದ. ಅದು ನನಗೆ ಈಗಲೂ ಕೋಪ ತರಿಸುತ್ತೆ.

ನನ್ನ ತಕರಾರು ಟ್ರೈನರ್ ಮೇಲಕ್ಕಿಂತ ನಮ್ಮ ತಟ್ಟೆಯ ಮೇಲೆ ಜಾಸ್ತಿ. ನಮ್ಮಲ್ಲಿ ಪದಾರ್ಥಕ್ಕೆ ಬರ ಇಲ್ಲ. ತೊಗರಿ, ಹೆಸರು, ಹುರುಳಿ, ಅಲಸಂದೆ, ಕಡಲೆ, ಅವರೆ ಎಲ್ಲಾ ಇದೆ. ಆದರೆ ಇವುಗಳ ಜಾಗ ಎಲ್ಲಿ? ಕೋಸಂಬರಿ ಎಲೆಯ ತುದಿಯಲ್ಲಿ ಒಂದು ಚಮಚ. ಕಡಲೆ ಉಸ್ಲಿ ನವರಾತ್ರಿಗೆ, ಅದೂ ಕೈಯಲ್ಲಿ ಹಿಡಿಯುವಷ್ಟು. ಹಿತಕವರೆ ಸೊಗಡಿನ ಕಾಲದಲ್ಲಿ. ಎಲೆಯ ನಡುವೆ ರಾಜನ ಹಾಗೆ ಕೂರೋದು ಅನ್ನ. ಅದರ ಮೇಲೆ ಸಾರು. ಸಾರು ಅಂದರೆ ಬೇಳೆಯ ಕಟ್ಟು, ಬೇಳೆಯೆಲ್ಲ ತಳದಲ್ಲಿ. ಬಡಿಸುವವರೂ ಮೇಲಿನ ತಿಳಿಯನ್ನೇ ಬಡಿಸೋದು, ತಿನ್ನುವವರೂ ಅದನ್ನೇ ಕೇಳೋದು. ಹರಿಯಾಣದವರ ತಟ್ಟೆ ಇದಕ್ಕೆ ಪೂರ್ತಿ ತಿರುಗು ಮುರುಗು. ದಾಲ್‌ನಲ್ಲಿ ಚಮಚ ನಿಲ್ಲಬೇಕು. ಮೊಸರು ಬಟ್ಟಲಲ್ಲಿ ಬರುತ್ತೆ, ಕೊನೆಗೆ ಅನ್ನಕ್ಕೆ ಸುರಿಯುವ ನೀರು ಮಜ್ಜಿಗೆಯಾಗಿ ಅಲ್ಲ.

ಮೈ ಬೆಳೆಯೋಕೆ ಬೇಕಾದ್ದು ಪ್ರೊಟೀನ್, ಅದರ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಒಂದು ತಟ್ಟೆ ಉಪ್ಪಿಟ್ಟು, 60 ಗ್ರಾಂ ರವೆ ಅಂದುಕೊಳ್ಳಿ, ಪ್ರೊಟೀನ್ 7 ಗ್ರಾಂ. ಮಧ್ಯಾಹ್ನ 150 ಗ್ರಾಂ ಅಕ್ಕಿಯ ಅನ್ನದಲ್ಲಿ 11 ಗ್ರಾಂ. ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ 20 ಗ್ರಾಂ ಬೇಳೆಯಲ್ಲಿ 4 ಗ್ರಾಂ ಚಿಲ್ಲರೆ. ಮಜ್ಜಿಗೆಯಲ್ಲಿ 2-3. ರಾತ್ರಿ ಮತ್ತೆ ಅದೇ. ಎಲ್ಲಾ ಸೇರಿ 45ರ ಹತ್ತಿರ ಬಂದರೆ ಪುಣ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು ಸುಮ್ನೆ ಆರೋಗ್ಯವಾಗಿರಲು ದಿನಕ್ಕೆ ಮೈತೂಕದ ಕೆಜಿಗೆ 0.83 ಗ್ರಾಂ. 65 ಕೆಜಿ ತೂಗುವವರಿಗೆ 54 ಗ್ರಾಂ ಆಯಿತು. ಭಾರ ಎತ್ತಿ ಮೈ ಬೆಳೆಸುವವರಿಗೆ ಅಷ್ಟು ಸಾಲದು. 2018ರಲ್ಲಿ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ ಕೆಜಿಗೆ 1.6 ಗ್ರಾಂ ಹತ್ತಿರ ಬಂದು ನಿಂತಿತು. ಅದಕ್ಕಿಂತ ಜಾಸ್ತಿ ತಿಂದರೆ ದೊಡ್ಡ ಲಾಭ ಕಾಣಲಿಲ್ಲ. ಅಂದರೆ ಅದೇ 65 ಕೆಜಿಗೆ 104 ಗ್ರಾಂ.

ಈಗ ಕೆಳಗಿನ ಮನೆ ಹುಡುಗನ ದಿನ ನೋಡಿ. ಒಂದು ಲೀಟರ್ ಎಮ್ಮೆ ಹಾಲಿನಲ್ಲಿ 40 ಗ್ರಾಂ ಹತ್ತಿರ. ಎಂಟು ರೊಟ್ಟಿಯಲ್ಲಿ 25. ಒಂದು ಹಿಡಿ ಕಪ್ಪು ಕಡಲೆಯಲ್ಲಿ 9-10, ಗಟ್ಟಿ ದಾಲ್‌ನಲ್ಲಿ 9, ಒಂದು ಬಟ್ಟಲು ಮೊಸರಿನಲ್ಲಿ ಇನ್ನೊಂದು 9. 90 ದಾಟಿತು. ಅವನ ತೂಕ 60 ಕೆಜಿಯೊಳಗೆ. ಯಾವ ಡಬ್ಬವೂ ಇಲ್ಲ, ಯಾವ ಆ್ಯಪ್ ಕೂಡ ಇಲ್ಲ. ಅಜ್ಜಿ ಲೆಕ್ಕ ಹಾಕಿ ಕೊಟ್ಟಿದ್ದೂ ಅಲ್ಲ. ಆ ಮನೆಯ ಊಟವೇ ಹಾಗಿದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಮ್ಮ, "ಅನ್ನ ತಿನ್ನದೆ ಶಕ್ತಿ ಎಲ್ಲಿಂದ ಬರುತ್ತೋ? ರಾತ್ರಿ ಕಾಳು ತಿಂದ್ರೆ ವಾಯು" ಅಂತಾರೆ. ಕಾಳನ್ನು ಎಂಟು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ವಾಯು ಎಷ್ಟೋ ಕಡಿಮೆ. ಇಂಗು, ಶುಂಠಿ ಹಾಕೋದು ಅಮ್ಮನಿಂದಲೇ ಕಲಿತದ್ದು. ಮೊದಲ ದಿನವೇ ಬಟ್ಟಲು ತುಂಬಾ ತಿನ್ನದೆ ನಿಧಾನವಾಗಿ ಏರಿಸಿದರೆ ಹೊಟ್ಟೆಯೂ ಒಗ್ಗಿಕೊಳ್ಳುತ್ತೆ. ಅಕ್ಕಿ, ಗೋಧಿಯಲ್ಲಿ ಲೈಸಿನ್ ಅನ್ನೋ ಪ್ರೊಟೀನಿನ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮಿಥಿಯೋನಿನ್ ಅಕ್ಕಿ, ಗೋಧಿಯಲ್ಲಿದೆ. ದಿನದೊಳಗೆ ಎರಡೂ ಹೊಟ್ಟೆಗೆ ಹೋದರೆ ಸಾಕು. ನಮ್ಮ ದೋಸೆ ಹಿಟ್ಟಿನಲ್ಲಿ ಇವೆರಡೂ ಒಟ್ಟಿಗೇ ಇವೆ. ಉದ್ದು ಇನ್ನೊಂದು ಹಿಡಿ ಜಾಸ್ತಿ ಹಾಕಿ ಅಷ್ಟೇ. ಹಾಲು ಬೇಡವೆಂದರೆ 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ ಪ್ರೊಟೀನ್ ಇದೆ, ಸಾಗುವಿಗೆ ಹಾಕಿದರೆ ಯಾರಿಗೂ ಬೇಜಾರಾಗಲ್ಲ. ಬಿ12 ವಿಟಮಿನ್ ಮಾತ್ರ ಕಾಳು, ಸೊಪ್ಪಿನಿಂದ ಬರಲ್ಲ. ಹಾಲು, ಮೊಸರು ಕಡಿಮೆ ಇರುವ ಮನೆಯವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಸ್ನಾಯುವಿಗೆ ಥಟ್ಟನೆ ಶಕ್ತಿ ಒದಗಿಸುವ ಕ್ರಿಯಾಟಿನ್ ಅನ್ನೋ ಅಂಶ ಕೂಡ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕಡಿಮೆ ಇರುತ್ತೆ. ಭಾರ ಎತ್ತುವವರಿಗೆ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಪುಡಿ ಸಾಕು. ಅದನ್ನು ಕಾರ್ಖಾನೆಯಲ್ಲಿ ತಯಾರಿಸೋದು, ಮಾಂಸದಿಂದ ತೆಗೆಯೋದಲ್ಲ.

ಬರೀ ತಿಂದರೆ ಮೈ ಬರಲ್ಲ, ಅದೂ ಇಲ್ಲಿಯವರಿಗೆ ಗೊತ್ತು. ಹುಡುಗರು ದಂಡ, ಬಸ್ಕಿ ಹೊಡೆಯೋದನ್ನು ನೋಡಬೇಕು. ಈ ತಿಂಗಳು ಹೊಡೆದದ್ದಕ್ಕಿಂತ ಮುಂದಿನ ತಿಂಗಳು ಜಾಸ್ತಿ, ಆಮೇಲೆ ಹೆಗಲ ಮೇಲೆ ಇನ್ನೊಬ್ಬನನ್ನು ಕೂರಿಸಿಕೊಂಡು. ಭಾರ ಏರುತ್ತಾ ಹೋಗಬೇಕು, ಆಗಲೇ ಸ್ನಾಯು ಬೆಳೆಯೋದು. ನಮ್ಮ ಅಗ್ರಹಾರದಲ್ಲಿ ಬಸ್ಕಿ ಅಂದರೆ ಗಣೇಶನ ಮುಂದೆ ಐದು. ವ್ಯಾಯಾಮ ಅಂದರೆ ಡಾಕ್ಟರ್ ಬಿಪಿ ನೋಡಿ ಹೆದರಿಸಿದ ಮೇಲೆ ಶುರುವಾಗುವ ವಾಕಿಂಗ್. ನಡಿಗೆ ಹೃದಯಕ್ಕೆ ಒಳ್ಳೆಯದೇ, ಆದರೆ ತೋಳಿಗೆ, ಬೆನ್ನಿಗೆ ಅದರಿಂದ ಬಲ ಬರಲ್ಲ.

ಇಷ್ಟು ಯಾಕೆ ಹಟ ಮಾಡಿ ಬರೀತಿದ್ದೀನಿ ಅಂದರೆ, ಅಪ್ಪನಿಗಾಗಿ. ಕಳೆದ ಸಲ ಊರಿಗೆ ಹೋದಾಗ ಅವರು ಪೂಜೆ ಮುಗಿಸಿ ಮಣೆಯಿಂದ ಏಳೋದನ್ನು ನೋಡಿದೆ. ಮೊದಲು ಒಂದು ಕೈ ನೆಲಕ್ಕೆ, ಆಮೇಲೆ ಇನ್ನೊಂದು ಕೈ ಗೋಡೆಗೆ, ಆಮೇಲೆ ಒಂದು ನಿಮಿಷ ಹಾಗೇ ಬಾಗಿ ನಿಂತಿರೋದು. "ವಯಸ್ಸಾಯ್ತಲ್ಲೋ" ಅಂದರು ಅಮ್ಮ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತೆ, ಅರವತ್ತರ ನಂತರ ಇನ್ನೂ ಬೇಗ. ಅದು ವಯಸ್ಸಿನದೇ ಕೆಲಸ, ಸರಿ. ಆದರೆ ಬರೀ ಅನ್ನ, ತಿಳಿಸಾರು ತಿಂದು ಕುರ್ಚಿಯಲ್ಲಿ ಕೂತರೆ ಆ ಕರಗುವಿಕೆಗೆ ನಾವೇ ದಾರಿ ಬಿಟ್ಟ ಹಾಗೆ. ಎಪ್ಪತ್ತರಲ್ಲೂ ಭಾರ ಎತ್ತಿದರೆ ಬಲ ಬರುತ್ತೆ. ಇಲ್ಲಿ ಎದುರು ಮನೆಯ ಮುದುಕರು ಹಾಲಿನ ಕ್ಯಾನ್ ಎತ್ತಿ ಸ್ಕೂಟರ್‌ಗೆ ಕಟ್ಟುವಾಗಲೆಲ್ಲ ನನಗೆ ಅಪ್ಪನ ನೆನಪಾಗಿ ಸಂಕಟ ಆಗುತ್ತೆ.

ನಮ್ಮ ಆಫೀಸಿನಲ್ಲಿ ಬಾಗಲಕೋಟೆಯವರೊಬ್ಬರಿದ್ದಾರೆ. ಇದನ್ನೆಲ್ಲ ಅವರ ಮುಂದೆ ಹೇಳಿದಾಗ, "ನೀವು ಮೈಸೂರು ಕಡಿಯವ್ರು ಅನ್ನ-ಸಾರ್ ಅಷ್ಟ ಕರ್ನಾಟಕ ಅಂತ ತಿಳ್ಕೊಂಡೀರಲ್ರೀ" ಅಂದರು. ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಕೆನೆ ಮೊಸರು ತಿಂದು ಹೊಲದಲ್ಲಿ ದುಡಿಯುವ ಸಸ್ಯಾಹಾರಿಗಳು ಅವರ ಊರ ತುಂಬಾ ಇದ್ದಾರೆ, ಜಾತ್ರೆಯಲ್ಲಿ ಕುಸ್ತಿಯೂ ಆಡುತ್ತಾರೆ. ಮಾತು ನಿಜ, ಒಪ್ಪಬೇಕು. ಮೈಸೂರಿನಲ್ಲೇ ಗರಡಿಮನೆಗಳಿವೆ, ದಸರೆಗೆ ಅರಮನೆಯಲ್ಲಿ ಜಟ್ಟಿಗಳ ಕಾಳಗ ಇದೆ. ನಮ್ಮ ಬೀದಿಯವರು ಆ ಕಡೆ ತಲೆ ಹಾಕಲಿಲ್ಲ ಅಷ್ಟೇ.

ಹರಿಯಾಣದ್ದೆಲ್ಲ ಚಿನ್ನ ಅಂತಲೂ ಹೇಳಲಾರೆ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆ ಅರಗಿಸಿಕೊಳ್ಳುವ ಗುಣ ಈ ಕಡೆಯ ಜನರಲ್ಲಿ ಜಾಸ್ತಿ, ದಕ್ಷಿಣದವರಲ್ಲಿ ಕಡಿಮೆ. ಒಂದು ಲೀಟರ್ ಹಾಲು ನನ್ನ ಹೆಂಡತಿಗೆ ಆಗುವುದೇ ಇಲ್ಲ, ಮೊಸರಾದರೆ ಸರಿ ಹೋಗುತ್ತೆ. ಇಲ್ಲಿಯ ಊಟದಲ್ಲಿ ನಮ್ಮಷ್ಟು ಸೊಪ್ಪು, ತರಕಾರಿ ಇಲ್ಲ, ತುಪ್ಪಕ್ಕೆ ಮಿತಿ ಇಲ್ಲ. ಮತ್ತೆ ಆ ಬಾದಾಮಿ ಹಾಲಿನ ಲೋಟ ಹುಡುಗನ ಕೈಗೆ ಬರುತ್ತೆ, ಅವನ ಅಕ್ಕನ ಕೈಗೆ ಬಂದದ್ದನ್ನು ನಾನು ನೋಡಿಲ್ಲ. ಅದನ್ನು ನನ್ನ ಮಗಳೇ ಒಂದು ದಿನ ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪನ ಕಿಡ್ನಿ ಸರಿ ಇದೆ ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡ ಮೇಲೆ ಈಗ ರಾತ್ರಿ ಊಟಕ್ಕೆ ಒಂದು ಬಟ್ಟಲು ಮೊಳಕೆ ಹೆಸರುಕಾಳು, ಮಧ್ಯಾಹ್ನ ಗಟ್ಟಿ ಮೊಸರು ಶುರುವಾಗಿದೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಬೆಳಿಗ್ಗೆ ಸಂಜೆ ಮಾಡುತ್ತಿದ್ದಾರೆ. ಎರಡು ಚಿಕ್ಕ ಡಂಬೆಲ್ ತರಿಸಿ ಕೊಡು ಅಂತ ಅಕ್ಕನಿಗೆ ಹೇಳಿದ್ದೇನೆ. ಅನ್ನ ಕಡಿಮೆ ಬಡಿಸುವ ವಿಷಯದಲ್ಲಿ ಮಾತ್ರ ಅಮ್ಮ ಇನ್ನೂ ಒಪ್ಪಿಲ್ಲ, ಫೋನ್ ಮಾಡಿದಾಗಲೆಲ್ಲ ಅದೇ ವಾದ ನಡೆಯುತ್ತಿದೆ.