ಕಾರ್ಡಿನಲ್ಲಿ ಯಾರ ಹೆಸರು?

ನಮ್ಮಮ್ಮ ಮದುವೆ ಕಾರ್ಡು ಓದುವ ರೀತಿಯೇ ಬೇರೆ. ಗಂಡು ಯಾರು, ಹೆಣ್ಣು ಯಾರು ಅಂತ ಮೊದಲು ನೋಡುವುದಿಲ್ಲ. ಮುಹೂರ್ತ, ಛತ್ರ ಯಾವುದೂ ಬೇಡ. ಕನ್ನಡಕ ಹಾಕಿಕೊಂಡು ನೇರವಾಗಿ ಕೆಳಗಿನ ಮೂಲೆಗೆ ಹೋಗುತ್ತಾಳೆ. ಅಲ್ಲಿ ಆಗಮನಾಭಿಲಾಷಿಗಳು ಅಂತ ಸಣ್ಣಕ್ಷರದ ಪಟ್ಟಿ ಇರುತ್ತದಲ್ಲ, ಓದು ಅಲ್ಲಿಂದ ಶುರು. ಯಾರ ಹೆಸರು ಹಾಕಿದ್ದಾರೆ, ಯಾರದ್ದು ಬಿಟ್ಟಿದ್ದಾರೆ, ಯಾರದ್ದು ಯಾರ ಕೆಳಗೆ ಬಂದಿದೆ. ಆಮೇಲೆ ಒಂದು ನಿಟ್ಟುಸಿರು. "ಸಂಬಂಧ ಹುಡುಕಿದ್ದು, ಛತ್ರಕ್ಕೆ ಅಲೆದಿದ್ದು, ಅಡುಗೆಯವರ ಹತ್ತಿರ ಚೌಕಾಸಿ ಮಾಡಿದ್ದು ಎಲ್ಲಾ ನಿಮ್ಮ ಮಾವ. ಮೇಲೆ ನೋಡು, ಆ ಎಮ್ಮೆಲ್ಲೆ ಹೆಸರು!"

ಹೋದ ತಿಂಗಳು ನನ್ನ ತಮ್ಮ ಅಮೆರಿಕದಿಂದ ಬರುವಾಗ ಒಂದು ಹಳೇ ರೆಕಾರ್ಡ್ ತಂದುಕೊಟ್ಟ. ಕಪ್ಪು ಪ್ಲೇಟು, ದೊಡ್ಡ ಚೌಕ ಕವರು. ಕವರಿನ ಮೇಲೆ ಐದು ಜನ ಹುಡುಗರು. ಐವರೂ ಅಣ್ಣತಮ್ಮಂದಿರು. ಜಾಕ್ಸನ್ ಫೈವ್ ಅವರ ಮೊದಲ ಆಲ್ಬಮ್ ಅದು, 1969ರ ಡಿಸೆಂಬರಿನಲ್ಲಿ ಬಂದದ್ದು. ಅದರ ಹೆಸರು "ಡಯಾನಾ ರಾಸ್ ಪ್ರೆಸೆಂಟ್ಸ್ ದಿ ಜಾಕ್ಸನ್ ಫೈವ್". ಓದಿದ ತಕ್ಷಣ ನನಗೆ ಅಮ್ಮನ ನೆನಪಾಯಿತು. ಹಾಡುವವರು ಮಕ್ಕಳು, ಮೇಲಿನ ಹೆಸರು ಮಾತ್ರ ಇನ್ಯಾರದ್ದೋ. ಇದು ರೆಕಾರ್ಡಲ್ಲ, ಲಗ್ನಪತ್ರಿಕೆ.

ಡಯಾನಾ ರಾಸ್ ಆಗ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಯ ಮಹಾರಾಣಿ. ಸುಪ್ರೀಮ್ಸ್ ತಂಡದ ಮುಖ್ಯ ಗಾಯಕಿ. ಆ ತಂಡ ಬಿಟ್ಟು ಒಬ್ಬರೇ ಹಾಡಲು ಹೊರಟಿದ್ದ ಸಮಯ ಅದು. 1970ರ ಜನವರಿಯಲ್ಲಿ ಬಿಟ್ಟೂಬಿಟ್ಟರು. ಹೀಗಾಗಿ ಹೊಸ ಮಕ್ಕಳನ್ನು ಕೈಹಿಡಿದು ಕರೆತಂದ ಅಕ್ಕ ಅನ್ನಿಸಿಕೊಂಡರೆ ಮಕ್ಕಳಿಗೂ ಲಾಭ, ಅಕ್ಕನಿಗೂ ಲಾಭ. ಕಾರ್ಡಿನಲ್ಲಿ ದೊಡ್ಡವರ ಹೆಸರು ಸುಮ್ನೆ ಬರುವುದಿಲ್ಲ, ಅಲ್ವಾ?

ಕವರಿನ ಹಿಂದೆ ಅವರದ್ದೇ ಮಾತು ಅಚ್ಚಾಗಿದೆ. ಪ್ರಾಮಾಣಿಕತೆ ಅನ್ನುವ ಪದ ತನಗೆ ಎಷ್ಟು ಮುಖ್ಯ ಅಂತ ಶುರುಮಾಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಮೇಜಿನ ಮೇಲೆ ಇಡಬೇಕು, ಈ ಹುಡುಗರು ಹಾಗೇ ಇದ್ದಾರೆ ಅನ್ನುತ್ತಾರೆ. ಅದೇ ಉಸಿರಿನಲ್ಲಿ, ಇವರನ್ನು ಇಂಡಿಯಾನಾದ ಗ್ಯಾರಿ ಊರಿನಲ್ಲಿ ಕಂಡುಹಿಡಿದವಳು ನಾನೇ ಅಂತಲೂ ಹೇಳುತ್ತಾರೆ. ಕಂಡುಹಿಡಿದದ್ದು ಅವರಲ್ಲ. ಪ್ರಾಮಾಣಿಕತೆಯ ಮೇಲೆ ಬರೆದ ಪುಟದಲ್ಲೇ ಇಂಥದ್ದೊಂದು ಸಿಕ್ಕಾಗ ನನಗೆ ಕೋಪ ಬರಲಿಲ್ಲ. ನಗು ಬಂತು.

ಹಾಗಾದರೆ ಕಂಡವರು ಯಾರು? ಬಾಬಿ ಟೇಲರ್ ಅಂತ ಒಬ್ಬ ಗಾಯಕ. ವ್ಯಾಂಕೂವರ್ಸ್ ಅನ್ನುವ ತಂಡ ಕಟ್ಟಿಕೊಂಡಿದ್ದವರು. 1968ರಲ್ಲಿ ಶಿಕಾಗೋದ ರೀಗಲ್ ಥಿಯೇಟರಿನಲ್ಲಿ ಅವರ ಕಾರ್ಯಕ್ರಮಕ್ಕೆ ಮುಂಚೆ ಈ ಹುಡುಗರು ಹಾಡಿದರು. ಟೇಲರ್ ದಂಗಾದರು. ಎಲ್ಲರನ್ನೂ ಡೆಟ್ರಾಯಿಟ್‌ಗೆ ಕರೆದುಕೊಂಡು ಹೋದರು. ಅಲ್ಲಿ ಮೋಟೌನ್ ಆಫೀಸಿನಲ್ಲಿ ಕ್ಯಾಮೆರಾ ಮುಂದೆ ಪರೀಕ್ಷೆ. ಐವರಲ್ಲಿ ಕಿರಿಯ, ಒಂಬತ್ತು ವರ್ಷದ ಮೈಕಲ್ ಜಾಕ್ಸನ್ ಅಲ್ಲಿ ಜೇಮ್ಸ್ ಬ್ರೌನ್ ಅನ್ನುವ ದೊಡ್ಡ ಗಾಯಕನ ಹಾಡು ಹಾಡಿ, ಜೇಮ್ಸ್ ಬ್ರೌನ್ ತರಹವೇ ಕಾಲು ಜಾರಿಸಿ ಕುಣಿದ. ಆ ಫಿಲ್ಮ್ ಉಳಿದಿದೆ. ನೋಡಿದರೆ ಗೊತ್ತಾಗುತ್ತದೆ, ಇವನನ್ನು ಕಂಡುಹಿಡಿಯಲು ಯಾರೂ ಕಷ್ಟಪಡಬೇಕಿರಲಿಲ್ಲ. ಕಣ್ಣಿದ್ದರೆ ಸಾಕಿತ್ತು.

ಟೇಲರ್‌ಗಿಂತ ಮೊದಲೇ ಗಾಯಕಿ ಗ್ಲ್ಯಾಡಿಸ್ ನೈಟ್ ಕೂಡ ಈ ಹುಡುಗರ ವಿಷಯ ಮೋಟೌನ್ ಕಿವಿಗೆ ಹಾಕಿದ್ದರು. ಅವರದ್ದೂ ಮನೆಮಂದಿಯ ತಂಡವೇ. ಜೊತೆಯಲ್ಲಿ ಹಾಡುತ್ತಿದ್ದವರು ಅಣ್ಣ, ಕಸಿನ್‌ಗಳು. ಅವರ ಹೆಸರೂ ಕಾರ್ಡಿನಲ್ಲಿ ಇಲ್ಲ. ಅಮ್ಮ ಆಗಿದ್ದರೆ ಮದುವೆಗೇ ಹೋಗುತ್ತಿರಲಿಲ್ಲ.

ಆಲ್ಬಮ್ಮಿನ ಹನ್ನೆರಡು ಹಾಡುಗಳಲ್ಲಿ ಜಾಸ್ತಿ ಕೆಲಸ ಟೇಲರ್ ಅವರದ್ದೇ. ಹಳೇ ಸೋಲ್ ಹಾಡುಗಳು, ಅಂದರೆ ಕಪ್ಪು ಅಮೆರಿಕನ್ನರು ಎದೆ ತುಂಬಿ ಹಾಡುವ ಹಾಡುಗಳು, ಅವರಿಗೆ ಪ್ರಾಣ. ಟೆಂಪ್ಟೇಷನ್ಸ್ ಹಾಡಿದ್ದು, ಫೋರ್ ಟಾಪ್ಸ್ ಹಾಡಿದ್ದು, ಮಾರ್ವಿನ್ ಗೇ ಹಾಡಿದ್ದು, ಎಲ್ಲಾ ಹುಡುಗರ ಕೈಯಲ್ಲಿ ಹಾಡಿಸಿದರು. ಮೀಸೆ ಬಂದವರು ಎದೆ ಒಡೆದುಕೊಂಡು ಹಾಡಿದ ವಿರಹಗೀತೆಗಳು ಅವು. ಇಲ್ಲಿ ಹಾಲು ಹಲ್ಲು ಬಿದ್ದು ಇನ್ನೂ ಜಾಸ್ತಿ ದಿನ ಆಗದ ಹುಡುಗ ಹಾಡುತ್ತಾನೆ. ನಡುವೆ ಡಿಸ್ನಿಯ "ಜಿಪ್-ಅ-ಡೀ-ಡೂ-ಡಾ" ಬೇರೆ. ಊಟದ ಎಲೆಯಲ್ಲಿ ಉಪ್ಪಿನಕಾಯಿ ಪಕ್ಕ ಚಾಕೊಲೇಟ್ ಬಡಿಸಿದ ಹಾಗೆ. ನನಗೆ ಅದು ಇಷ್ಟವಾಗಲಿಲ್ಲ. ನನ್ನ ಮಗಳಿಗೆ ಅದೊಂದೇ ಇಷ್ಟವಾಯಿತು.

ಇಷ್ಟೆಲ್ಲಾ ಆದಮೇಲೆ ಕಂಪನಿಯ ಯಜಮಾನ ಬೆರ್ರಿ ಗಾರ್ಡಿ ಹುಡುಗರನ್ನು ಲಾಸ್ ಏಂಜಲೀಸ್‌ಗೆ ಕರೆಸಿಕೊಂಡರು. ಅವರಿಗೆ ವಿರಹ ಬೇಡ, ಕುಣಿಯುವ ಹಾಡು ಬೇಕಿತ್ತು. ಹೀಗೆ ಹುಟ್ಟಿದ್ದು "ಐ ವಾಂಟ್ ಯೂ ಬ್ಯಾಕ್". ಮೊದಲು ಅದರ ಹೆಸರೂ ಬೇರೆ, ಹಾಡಬೇಕಿದ್ದವರೂ ಬೇರೆ. ಅದೇ ಗ್ಲ್ಯಾಡಿಸ್ ನೈಟ್ ತಂಡಕ್ಕೆ ಅಂತ ಕಟ್ಟಿದ ಹಾಡು. ಪಿಯಾನೋ ಮೇಲಿಂದ ಕೆಳಕ್ಕೆ ಸರ್ರನೆ ಜಾರುತ್ತದೆ. ಮಹಡಿ ಮೆಟ್ಟಿಲ ಕೈಹಿಡಿಯ ಮೇಲೆ ಕೂತು ಜಾರಿದ ಮಗುವಿನ ಹಾಗೆ. ಕೆಳಗೆ ಬಾಸ್ ಗಿಟಾರ್ ಕಾಯುತ್ತಿರುತ್ತದೆ, ಹಿಡಿದುಕೊಂಡು ಓಡುತ್ತದೆ. ಆಮೇಲೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ನಾನು ಪಾತ್ರೆ ತೊಳೆಯುತ್ತಾ ಕೇಳಿದೆ, ಒಂದು ಲೋಟ ಹೋಯಿತು.

ಇದನ್ನು ಬರೆದವರು ಯಾರು ಅಂತ ನೋಡಿದರೆ "ದಿ ಕಾರ್ಪೊರೇಷನ್" ಅಂತ ಇದೆ. ನಮ್ಮ ಕಡೆ ಕಸ ಎತ್ತುವ, ಕಂದಾಯ ಕಟ್ಟಿಸಿಕೊಳ್ಳುವ ಕಾರ್ಪೊರೇಷನ್ ಗೊತ್ತು. ಹಾಡು ಬರೆಯುವುದು ಹೊಸದು. ಇದರ ಹಿಂದೆ ಒಂದು ಸಣ್ಣ ರಾಜಕೀಯ. ಮೋಟೌನ್‌ಗೆ ಸಾಲುಸಾಲಾಗಿ ಹಿಟ್ ಕೊಟ್ಟ ಹಾಲೆಂಡ್, ಡೋಝಿಯರ್, ಹಾಲೆಂಡ್ ಎಂಬ ಮೂವರು ಹಾಡು ಬರೆಯುವವರು ದುಡ್ಡಿನ ವಿಷಯಕ್ಕೆ ಜಗಳ ಮಾಡಿಕೊಂಡು ಹೊರಗೆ ಹೋಗಿದ್ದರು. ಹೆಸರು ಬಂದರೆ ತಾನೇ ಈ ತಕರಾರು? ಗಾರ್ಡಿ ಹೊಸ ತಂಡ ಕಟ್ಟಿದರು. ತಾನು, ಡೀಕ್ ರಿಚರ್ಡ್ಸ್, ಫ್ರೆಡ್ಡಿ ಪೆರೆನ್, ಆಲ್ಫಾನ್ಸೋ ಮಿಜೆಲ್. ನಾಲ್ವರ ಹೆಸರನ್ನೂ ಒಂದು ಬೋರ್ಡಿನ ಹಿಂದೆ ಮುಚ್ಚಿಟ್ಟರು. ನುಡಿಸಿದವರ ಹೆಸರಂತೂ ಎಲ್ಲೂ ಇಲ್ಲ. ಅಣ್ಣತಮ್ಮಂದಿರಲ್ಲಿ ಟೀಟೋ ಗಿಟಾರ್ ಹಿಡಿಯುತ್ತಿದ್ದ, ಜರ್ಮೇನ್ ಬಾಸ್ ನುಡಿಸುತ್ತಿದ್ದ, ಅದು ಸ್ಟೇಜಿನ ಮಾತು. ಆ ಓಡುವ ಬಾಸ್ ನುಡಿಸಿದವರು ವಿಲ್ಟನ್ ಫೆಲ್ಡರ್ ಅನ್ನುವ ಜಾಝ್ ಕಲಾವಿದ. ಮೋಟೌನ್ ಆಲ್ಬಮ್ಮಿನ ಕವರಿನಲ್ಲಿ ವಾದ್ಯದವರ ಹೆಸರು ಬರಲು 1971ರವರೆಗೆ ಕಾಯಬೇಕಾಯಿತು.

ಇನ್ನೊಂದು ಸ್ವಾರಸ್ಯ. ಡ್ರಮ್ಸ್ ಬಾರಿಸಲು ಜಾನಿ ಜಾಕ್ಸನ್, ಕೀಬೋರ್ಡಿಗೆ ರಾನಿ ರಾನ್ಸಿಫರ್ ಅಂತ ಇಬ್ಬರು ಹುಡುಗರು ಸ್ಟೇಜಿನಲ್ಲಿ ಜೊತೆಗಿರುತ್ತಿದ್ದರು. ಇವರು ನಮ್ಮ ಕಸಿನ್‌ಗಳು ಅಂತ ಪ್ರಚಾರ ಮಾಡಿದರು. ಇಬ್ಬರೂ ನೆಂಟರಲ್ಲ. ಜಾನಿಯ ಮನೆತನದ ಹೆಸರೂ ಜಾಕ್ಸನ್ ಆಗಿದ್ದು ಅವರ ಅದೃಷ್ಟ. ಇದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಪಕ್ಕದ ಮನೆಯ ಹುಡುಗನನ್ನು "ನಮ್ಮ ಕಸಿನ್ ಬ್ರದರ್" ಅಂತ ಹೇಳಿ ಕಾಲೇಜು ಹಾಸ್ಟೆಲ್ಲಿನಲ್ಲಿ ನಾಲ್ಕು ದಿನ ಇಟ್ಟುಕೊಂಡವನು ನಾನು.

ಇನ್ನು ನಿಜವಾದ ಮನೆ. ಗ್ಯಾರಿ ಉಕ್ಕಿನ ಕಾರ್ಖಾನೆಗಾಗಿ ಹುಟ್ಟಿದ ಊರು. ಮನೆಯ ವಿಳಾಸ 2300, ಜಾಕ್ಸನ್ ಸ್ಟ್ರೀಟ್. ಬೀದಿಗೆ ಇವರ ಹೆಸರಿಟ್ಟಿದ್ದಲ್ಲ. ಅಮೆರಿಕದ ಹಳೇ ಅಧ್ಯಕ್ಷರೊಬ್ಬರದ್ದು. ಎರಡೇ ಬೆಡ್‌ರೂಮು. ಅಪ್ಪ, ಅಮ್ಮ, ಒಂಬತ್ತು ಮಕ್ಕಳು. ಗಂಡು ಮಕ್ಕಳೆಲ್ಲಾ ಒಂದೇ ಕೋಣೆಯಲ್ಲಿ, ರೈಲಿನ ಬರ್ತ್ ತರಹ ಒಂದರ ಮೇಲೊಂದು ಮೂರು ಮಂಚ. ಅಪ್ಪ ಜೋ ಕ್ರೇನ್ ಆಪರೇಟರ್. ಒಂದು ಕಾಲಕ್ಕೆ ಫಾಲ್ಕನ್ಸ್ ಅಂತ ಬ್ಯಾಂಡ್ ಕಟ್ಟಿ ಗಿಟಾರ್ ನುಡಿಸಿದವರು. ಅದು ಕೈಗೂಡಲಿಲ್ಲ. ಗಿಟಾರ್ ಬೀರುವಿನೊಳಗೆ ಹೋಯಿತು. ಮುಟ್ಟಬಾರದು ಅಂತ ಆಜ್ಞೆ. ಅಂಥ ಆಜ್ಞೆ ಇರುವುದೇ ಮುರಿಯಲಿಕ್ಕೆ. ಅಪ್ಪ ಶಿಫ್ಟಿಗೆ ಹೋದಾಗ ಟೀಟೋ ತೆಗೆದು ನುಡಿಸುತ್ತಿದ್ದ. ಒಂದು ದಿನ ತಂತಿ ಹರಿಯಿತು. ಸಿಕ್ಕಿಬಿದ್ದ. ಬೈಗುಳವೆಲ್ಲಾ ಮುಗಿದಮೇಲೆ ಅಪ್ಪ ಹೇಳಿದ್ದು, ಎಲ್ಲಿ, ನುಡಿಸು ನೋಡೋಣ ಅಂತ.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅಪ್ಪ ಬೆಲ್ಟ್ ಹಿಡಿದು ಕೂತು ಅಭ್ಯಾಸ ಮಾಡಿಸುತ್ತಿದ್ದರು, ಹೆಜ್ಜೆ ತಪ್ಪಿದರೆ ಏಟು ಬೀಳುತ್ತಿತ್ತು ಅಂತ ಮೈಕಲ್ ದೊಡ್ಡವನಾದಮೇಲೆ ಟೀವಿ ಮುಂದೆ ಹೇಳಿದ್ದಾನೆ. ಸ್ಟುಡಿಯೋ ಎದುರು ಒಂದು ಪಾರ್ಕ್ ಇತ್ತಂತೆ. ಅಲ್ಲಿ ಆಡುವ ಮಕ್ಕಳನ್ನು ನೋಡಿ ತಾನು ಕೆಲಸಕ್ಕೆ ಹೋಗಬೇಕಲ್ಲ ಅಂತ ಅಳು ಬರುತ್ತಿತ್ತಂತೆ. ಇದು ಗೊತ್ತಾದಮೇಲೆ ಪಿಯಾನೋ ಜಾರುವುದನ್ನು ಮೊದಲಿನ ಹಾಗೆ ಕೇಳಲು ನನಗೆ ಆಗಲಿಲ್ಲ. ಒಂದು ವಾರ ಹಾಕಲೇ ಇಲ್ಲ. ಆಮೇಲೆ ಹಾಕಿದೆ. ಕಾಲು ಮತ್ತೆ ಕುಣಿಯಿತು. ಅದಕ್ಕೆ ನಾಚಿಕೆಯೂ ಆಯಿತು.

ಒಂದು ಮಾತು ಮಾತ್ರ ಹೇಳಬೇಕು. ಇವರು ಗುಂಪಾಗಿ ಹಾಡುವಾಗ ಯಾವ ದನಿ ಯಾರದ್ದು ಅಂತ ಗೆರೆ ಎಳೆಯಲು ಬರುವುದಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿ ಜನ ತಮ್ಮನೆಂದು ತಿಳಿದು ಅವನ ಸಾಲದ ವಿಷಯ ಮಾತಾಡುತ್ತಾರೆ. ಒಂದೇ ಮನೆಯ ಗಂಟಲುಗಳು ಹಾಗೇ. ಜ್ಯಾಕಿ, ಟೀಟೋ, ಜರ್ಮೇನ್, ಮಾರ್ಲನ್ ಹಿಂದೆ ನಿಂತು ಒಂದು ಚಾಪೆ ಹಾಸುತ್ತಾರೆ. ಮೈಕಲ್ ಅದರ ಮೇಲೆ ಲಾಗ ಹಾಕುತ್ತಾನೆ. ಬಾಡಿಗೆಗೆ ತಂದ ಗಾಯಕರಿಂದ ಆ ಚಾಪೆ ಹೆಣೆಸಲು ಆಗುವುದಿಲ್ಲ ಅಂತ ನನ್ನ ನಂಬಿಕೆ.

1969ರ ಡಿಸೆಂಬರ್ 14ಕ್ಕೆ ಹುಡುಗರು ಎಡ್ ಸಲ್ಲಿವನ್ ಟೀವಿ ಕಾರ್ಯಕ್ರಮದಲ್ಲಿ ಬಂದರು. ಜನವರಿ 31ರ ಪಟ್ಟಿಯಲ್ಲಿ "ಐ ವಾಂಟ್ ಯೂ ಬ್ಯಾಕ್" ಅಮೆರಿಕದಲ್ಲೇ ಒಂದನೇ ಸ್ಥಾನ. ಅದರ ಬೆನ್ನಲ್ಲೇ ಬಂದ ಮೂರು ಸಿಂಗಲ್ಲುಗಳೂ, ಅಂದರೆ ಬಿಡಿ ಹಾಡಿನ ರೆಕಾರ್ಡುಗಳೂ, ಅಷ್ಟೇ. ಬಾಬಿ ಟೇಲರ್ ಮಾತ್ರ ಹಿಂದೆಯೇ ಉಳಿದರು. ಛತ್ರದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಪಾರ್ಕಿಂಗ್ ನೋಡಿಕೊಳ್ಳುತ್ತಾ ನಿಂತ ಮಾವನ ಹಾಗೆ.

ಆದರೆ ಅವರು ಹಾಡಿಸಿದ ಒಂದು ಹಾಡಿದೆ. "ಹೂಸ್ ಲವಿನ್ ಯೂ". ಸ್ಮೋಕಿ ರಾಬಿನ್ಸನ್ ಬರೆದದ್ದು, 1960ರಲ್ಲಿ ಅವರ ಮಿರಾಕಲ್ಸ್ ತಂಡವೇ ಹಾಡಿದ್ದು. ಬಿಟ್ಟುಹೋದ ಗೆಳತಿಯನ್ನು ಈಗ ಯಾರು ಪ್ರೀತಿಸುತ್ತಿದ್ದಾರೋ ಅಂತ ಕೊರಗುವ ಹಾಡು. ಸಲ್ಲಿವನ್ ಕಾರ್ಯಕ್ರಮದಲ್ಲಿ ಇದಕ್ಕೆ ಮೈಕಲ್ ಒಂದು ಪೀಠಿಕೆ ಹೇಳಿದ. ಮರಳಾಟದ ಜಾಗದಲ್ಲಿ ಹುಡುಗಿ ಸಿಕ್ಕಿದ್ದು, ಹಾಲು ಕುಡಿಯುವ ಬಿಡುವಿನಲ್ಲಿ ಪ್ರೀತಿ ಬೆಳೆದದ್ದು, ಬೆರಳಲ್ಲಿ ಬಣ್ಣ ಬಳಿಯುವ ತರಗತಿಯಲ್ಲಿ ಮುರಿದುಬಿದ್ದದ್ದು. ದೊಡ್ಡವರು ಬರೆದುಕೊಟ್ಟ ತಮಾಷೆ ಅದು. ಎಲ್ಲರೂ ನಕ್ಕರು. ಆಮೇಲೆ ಅವನು ಬಾಯಿ ತೆರೆದ, ಮೊದಲ ಪದವನ್ನೇ ಎಳೆದು, ಬಗ್ಗಿಸಿ, ಮೇಲಕ್ಕೆ ಎಸೆದ. ತಮಾಷೆ ಅಲ್ಲಿಗೆ ಮುಗಿಯಿತು.

ಮೊನ್ನೆ ಸಂಜೆ ನಾನು ಈ ಹಾಡು ಹಾಕಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇಂಗ್ಲಿಷ್ ಹಾಡು ಅಂದರೆ ಸಾಮಾನ್ಯವಾಗಿ "ಆ ಗಲಾಟೆ ನಿಲ್ಲಿಸು" ಅನ್ನುವವಳು. ಅವತ್ತು ಕೈ ನಿಂತಿತು.

"ಯಾಕೋ, ಈ ಮಗು ಹೀಗೆ ಹಾಡ್ತಿದೆ? ಊಟ ಮಾಡಿಲ್ವಾ?"

ಕವರು ಕೊಟ್ಟೆ. ಕನ್ನಡಕ ಏರಿಸಿದಳು. ಮೇಲಿನ ದೊಡ್ಡ ಅಕ್ಷರ ಬಿಟ್ಟು ನೇರ ಕೆಳಗಿನ ಮೂಲೆಗೆ ಹೋದಳು. ಆಮೇಲೆ ತಿರುಗಿಸಿ ಹಿಂದೆಯೂ ನೋಡಿದಳು.

"ಇದರಲ್ಲಿ ಇವರಮ್ಮನ ಹೆಸರು ಎಲ್ಲಿದೆ?"

ಇಲ್ಲ ಅಂದೆ. ಕ್ಯಾಥರಿನ್ ಅಂತ, ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು, ಕುಂಟುತ್ತಲೇ ಮನೆ ನಡೆಸಿದರು, ಸಿಯರ್ಸ್ ಅಂಗಡಿಯಲ್ಲಿ ಕೆಲಸ ಮಾಡಿದರು, ಮಕ್ಕಳ ಜೊತೆ ಹಾಡುತ್ತಿದ್ದರು, ಮೊದಮೊದಲು ಸ್ಟೇಜಿನ ಬಟ್ಟೆಗಳನ್ನೂ ಹೊಲಿದುಕೊಟ್ಟರು ಅಂದೆ. ಅಮ್ಮ "ಹೂಂ" ಅಂದಳು. ಅದೇ ಹಳೇ "ಹೂಂ".

"ಎಷ್ಟು ವರ್ಷ ಈ ಹುಡುಗನಿಗೆ?"

"ಆಗ ಹನ್ನೊಂದು. ಕಂಪನಿಯವರು ಎಂಟು ಅಂತ ಹೇಳಿಕೊಂಡು ತಿರುಗಿದರು."

ಜೂನ್ ಒಂದಕ್ಕೆ ಹುಟ್ಟಿದೆ ಅಂತ ಮೇಷ್ಟ್ರು ಬರೆದುಕೊಂಡ ಕಾರಣಕ್ಕೆ ಎಪ್ಪತ್ತು ವರ್ಷದಿಂದ ಎರಡೆರಡು ವಯಸ್ಸು ಇಟ್ಟುಕೊಂಡು ಬದುಕುತ್ತಿರುವವಳು ಅಮ್ಮ. ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ಕವರು ವಾಪಸ್ ಕೊಟ್ಟು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಎಂಟು ಸ್ಕೂಲ್ ಡೇಟ್ ಇರಬೇಕು ಬಿಡು."